ಮೋತ್ಯಾನ ಬಾಯಿ ಯಾಕ ನಾರತೈತಿ?

ದನದ ಸಂತೆಗೆ ಹೋದಾಗ ನಾವು ಎತ್ತಿನ ಬಾಯಿ ಬಿಡಿಸಿ ನೋಡುತ್ತೇವೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸುತ್ತೇವೆ. ಆಮೇಲೆ ವ್ಯಾಪಾರ. ಮನೆ ಕಾಯುವ ನಾಯಿಯ ಬಾಯಿಯನ್ನು ಯಾರು ನೋಡುತ್ತಾರೆ? ಯಾರೂ ಇಲ್ಲ. ನಾಯಿಯನ್ನು ಸಂತೆಯಲ್ಲಿ ಮಾರುವುದಿಲ್ಲವಲ್ಲ!

ಬಿದ್ರಿಯಲ್ಲಿ ಒಂದು ಮನೆ ಅಂದುಕೊಳ್ಳಿ. ಸುತ್ತಲೂ ಕಬ್ಬಿನ ಹೊಲ. ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿವೆ. ಬಾಗಿಲಲ್ಲಿ ಮೋತ್ಯಾ ಎಂಬ ನಾಯಿ ಮಲಗಿದೆ. ಅದಕ್ಕೆ ಆರು ವರ್ಷ. ಎರಡು ದಿನದಿಂದ ರೊಟ್ಟಿ ಮೂಸುತ್ತದೆ. ಒಂದು ತುತ್ತು ಕಚ್ಚುತ್ತದೆ, ಕೆಳಗೆ ಬೀಳಿಸುತ್ತದೆ.

“ಅತ್ತೀ, ಮೋತ್ಯಾ ರೊಟ್ಟಿ ತಿನ್ನವಲ್ದು. ಬಾಯಿ ಭಾಳ ನಾರತೈತಿ.”

“ನಾಯಿ ಬಾಯಿ ಅಂದ್ರ ನಾರೂದ. ಹಸಿವಾದ್ರ ತಾನ ತಿಂತೈತಿ, ಬಿಡು.”

ಇಲ್ಲಿ ಸೊಸೆಯ ಮಾತು ಸರಿ, ಅತ್ತೆಯ ಮಾತು ತಪ್ಪು. ನಾಯಿಯ ಬಾಯಿ ಅಷ್ಟು ನಾರಬಾರದು. ನಾರಿದರೆ ಒಳಗೆ ರೋಗ ಇದೆ ಎಂದು ತಿಳಿಯಬೇಕು. ಮೋತ್ಯಾಗೆ ಹಸಿವು ಇದೆ. ಆದರೆ ಅಗಿದರೆ ನೋವು. ಪಾಪ, ಬಾಯಿದ್ದೂ ಹೇಳಲಾರದು.

ದೊಡ್ಡ ನಾಯಿಗೆ 42 ಹಲ್ಲು. ಬೆಕ್ಕಿಗೆ 30. ನಮಗೆ 32. ಏನಾದರೂ ತಿಂದ ಮೇಲೆ ಕೆಲವೇ ತಾಸಿನಲ್ಲಿ ಹಲ್ಲಿನ ಮೇಲೆ ಒಂದು ಲೋಳೆ ಕೂಡುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ಈ ಲೋಳೆ ಮೆತ್ತಗಿರುತ್ತದೆ, ಬಟ್ಟೆಯಿಂದ ಒರೆಸಿದರೂ ಹೋಗುತ್ತದೆ. ಹಾಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಗಟ್ಟಿಯಾಗತೊಡಗುತ್ತದೆ. ಜೊಲ್ಲಿನಲ್ಲಿ ಇರುವ ಸುಣ್ಣದ ಅಂಶ ಅದರೊಳಗೆ ಸೇರುತ್ತದೆ. ಬಾವಿ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಹಲ್ಲಿನ ಮೇಲೂ ಹಾಗೆಯೇ ಕಟ್ಟುತ್ತದೆ. ಹಳದಿ, ಕಂದು ಬಣ್ಣದ ಈ ಪದರಕ್ಕೆ ಕಿಟ್ಟ ಎನ್ನೋಣ. ಡಾಕ್ಟರು ಟಾರ್ಟರ್ ಎನ್ನುತ್ತಾರೆ.

ಕಿಟ್ಟ ಬರೀ ಹೊಲಸು ಬಣ್ಣವಲ್ಲ. ಅದು ಖರಬರಾ ಇರುತ್ತದೆ. ಅದರ ಮೇಲೆ ಮತ್ತೆ ಲೋಳೆ ಕೂಡುತ್ತದೆ. ಲೋಳೆ ವಸಡಿನ ಕೆಳಗೆ ಇಳಿಯುತ್ತದೆ. ವಸಡು ಕೆಂಪಾಗಿ ಬಾಯುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಇಷ್ಟರಲ್ಲೇ ಎಚ್ಚರಾದರೆ ವಸಡು ಮೊದಲಿನ ಹಾಗೆ ಆಗುತ್ತದೆ. ಇನ್ನೂ ಬಿಟ್ಟರೆ ಹಲ್ಲು ಹಿಡಿದ ಎಲುಬೇ ಕರಗುತ್ತದೆ. ಕರಗಿದ ಎಲುಬು ತಿರುಗಿ ಬೆಳೆಯುವುದಿಲ್ಲ. ಹಲ್ಲು ಅಲುಗಾಡುತ್ತದೆ, ಕೀವು ತುಂಬುತ್ತದೆ. ಮೂರು ವರ್ಷ ದಾಟಿದ ಬಹಳಷ್ಟು ನಾಯಿಗಳಿಗೆ ಈ ರೋಗ ಸ್ವಲ್ಪವಾದರೂ ಇರುತ್ತದೆ. ಪಾಮೇರಿಯನ್ನಿನಂಥ ಚಿಕ್ಕ ನಾಯಿಗಳಿಗೆ ಹೆಚ್ಚು. ಚಿಕ್ಕ ಬಾಯಿ, ಹಲ್ಲು ಒತ್ತೊತ್ತು. ಮುಧೋಳ ನಾಯಿಗೂ ಬರುತ್ತದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ ತಂದಿತು. ಅಂಥ ಹೆಸರುವಾಸಿ ನಾಯಿಯ ಬಾಯಿಯನ್ನೂ ಯಾರಾದರೂ ನೋಡಬೇಕಲ್ಲ!

ನೋಡುವುದು ಹೇಗೆ? ಅದಕ್ಕೂ ಮೊದಲು ಒಂದು ಎಚ್ಚರಿಕೆ. ನಾಯಿ ಒಮ್ಮೆಲೇ ಜೊಲ್ಲು ಸುರಿಸುತ್ತಿದ್ದರೆ, ದವಡೆ ಜೋತುಬಿದ್ದಿದ್ದರೆ, ನುಂಗಲು ಬಾರದಿದ್ದರೆ, ಬೊಗಳುವ ದನಿ ಬದಲಾಗಿದ್ದರೆ, ಕಾರಣವಿಲ್ಲದೆ ಕಚ್ಚಲು ಬಂದರೆ ಬಾಯಿಗೆ ಕೈ ಹಾಕಲೇಬೇಡಿ. ಅದು ಹುಚ್ಚು ಇರಬಹುದು. “ಗಂಟಲಾಗ ಎಲುಬ ಸಿಕ್ಕೈತಿ” ಎಂದು ಕೈ ಹಾಕುವವರು ಇದ್ದಾರೆ. ದೂರ ಇರಿ, ದನದ ಡಾಕ್ಟರಿಗೆ ತಿಳಿಸಿ. ಕಚ್ಚಿದರೆ, ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿ. ನಾಯಿಗೂ ವರ್ಷಕ್ಕೊಮ್ಮೆ ಹುಚ್ಚಿನ ಲಸಿಕೆ ಹಾಕಿಸಿರಬೇಕು.

ನಿಮ್ಮ ನಾಯಿ ಶಾಂತವಾಗಿದ್ದರೆ ಪಕ್ಕದಲ್ಲಿ ಕುಳಿತು ತುಟಿ ಮೆಲ್ಲಗೆ ಎತ್ತಿ. ಬಾಯಿ ತೆರೆಸುವುದು ಬೇಡ. ಮೇಲಿನ ದವಡೆಯಲ್ಲಿ, ಕೆನ್ನೆಯ ಒಳಗೆ ಒಂದು ದೊಡ್ಡ ಹಲ್ಲು ಇದೆ. ಅದರ ಹತ್ತಿರವೇ ಜೊಲ್ಲು ಇಳಿಯುತ್ತದೆ. ಕಿಟ್ಟ ಹೆಚ್ಚಾಗಿ ಕಟ್ಟುವುದೂ ಅಲ್ಲಿಯೇ. ಆ ಹಲ್ಲಿನ ಬೇರಿನಲ್ಲಿ ಕೀವಾದರೆ ಕಣ್ಣಿನ ಕೆಳಗೆ ಬಾವು ಬರುತ್ತದೆ. ಕಣ್ಣಿಗೆ ಏನೋ ಬಡಿದಿದೆ ಎಂದು ಜನ ಅರಿಷಿಣ ಹಚ್ಚುತ್ತಾರೆ. ಮೂಲ ಇರುವುದು ಹಲ್ಲಿನಲ್ಲಿ!

ಕಿಟ್ಟ ಕಟ್ಟದ ಹಾಗೆ ಮಾಡಲು ಖರ್ಚು ಇಲ್ಲ. ಹಳೇ ಧೋತರದ ಚೂರು ಸಾಕು. ಒದ್ದೆ ಮಾಡಿ ಬೆರಳಿಗೆ ಸುತ್ತಿಕೊಳ್ಳಿ. ಹಲ್ಲು ಮತ್ತು ವಸಡು ಕೂಡುವ ಗೆರೆಯ ಮೇಲೆ ಮೆಲ್ಲಗೆ ತಿಕ್ಕಿ. ಹೊರಗಿನ ಬದಿ ಮಾತ್ರ ಸಾಕು. ಮೊದಲ ದಿನ ಎರಡು ಹಲ್ಲು, ಮರುದಿನ ನಾಲ್ಕು. ಮರಿ ಇದ್ದಾಗಲೇ ರೂಢಿ ಮಾಡಿಸಿದರೆ ಬಹಳ ಸುಲಭ. ದಿನಾ ಮಾಡಬೇಕು. ವಾರಕ್ಕೊಮ್ಮೆ ಮಾಡಿದರೆ ಉಪಯೋಗವಿಲ್ಲ, ಯಾಕೆಂದರೆ ಲೋಳೆ ಅಷ್ಟರಲ್ಲಿ ಕಲ್ಲಾಗಿರುತ್ತದೆ. ನಾಯಿಗೆ ಈಗಾಗಲೇ ಬಾಯಿ ನೋವು ಇದ್ದರೆ ತಿಕ್ಕಬೇಡಿ. ನೋವಿಗೆ ಕಚ್ಚೀತು. ಮೊದಲು ಡಾಕ್ಟರಿಗೆ ತೋರಿಸಿ.

“ನಾವು ಮಿಶ್ರಿ ತಿಕ್ಕತೇವಿ. ಅದನ್ನ ಒಂದ ಚಿಟಿಕಿ ನಾಯಿಗೂ ಹಚ್ಚಿದ್ರ?”

ಬೇಡವೇ ಬೇಡ. ನಿಪ್ಪಾಣಿ ತಂಬಾಕಿನ ಸೀಮೆ ಇಲ್ಲೇ ಹತ್ತಿರ, ಮಿಶ್ರಿ ಮನೆಮನೆಯಲ್ಲೂ ಇದೆ. ಮಿಶ್ರಿ ಎಂದರೆ ಸುಟ್ಟ ತಂಬಾಕು. ನಮಗೇ ಅದು ಬಾಯಿ ಹುಣ್ಣು, ಕ್ಯಾನ್ಸರ್ ತರುತ್ತದೆ. ನಾಯಿಗೆ ಉಗುಳಲು ಬರುವುದಿಲ್ಲ, ಎಲ್ಲ ನುಂಗುತ್ತದೆ. ತಂಬಾಕು ಅದಕ್ಕೆ ವಿಷ. ನಮ್ಮ ಪೇಸ್ಟು ಕೂಡ ಬೇಡ. ಉಪ್ಪು, ಇದ್ದಿಲು ಬೇಡ. ನಾಯಿಗೆಂದೇ ಮಾಡಿದ ಪೇಸ್ಟು ಸಿಗುತ್ತದೆ. ಇಲ್ಲದಿದ್ದರೆ ಬರೀ ನೀರು ಸಾಕು.

ಎಲುಬು ಕಡಿದರೆ ಹಲ್ಲು ಸ್ವಚ್ಛ ಆಗುತ್ತದೆ ಎಂದು ಬಹಳ ಜನರ ನಂಬಿಕೆ. ಆದರೆ ಬೇಯಿಸಿದ ಎಲುಬು ಸೀಳಿ ಚೂಪಾಗಿ ಹೊಟ್ಟೆಗೆ ಚುಚ್ಚಬಹುದು. ಗಟ್ಟಿ ಎಲುಬು, ಕಲ್ಲು ಕಡಿದರೆ ಹಲ್ಲೇ ಒಡೆಯುತ್ತದೆ. ಉಗುರಿನಿಂದ ಒತ್ತಿದರೆ ತುಸುವಾದರೂ ತಗ್ಗುವ ವಸ್ತು ಮಾತ್ರ ಕಡಿಯಲು ಕೊಡಿ. ಒಣ ರೊಟ್ಟಿಯಿಂದಲೂ ಹಲ್ಲು ತೊಳೆದಂತೆ ಆಗುವುದಿಲ್ಲ. ಅದು ಪುಡಿಯಾಗಿ ಹೋಗುತ್ತದೆ, ವಸಡಿನ ಹತ್ತಿರ ಮುಟ್ಟುವುದೇ ಇಲ್ಲ. ಚಹಾದಲ್ಲಿ ಅದ್ದಿದ ಬಿಸ್ಕೀಟು, ಬೆಲ್ಲ ಕೊಡುವ ರೂಢಿ ಬಿಡಿ. ಪ್ರೀತಿ ಇದ್ದರೆ ತಲೆ ಸವರಿ.

ಈಗ ಮೋತ್ಯಾನ ಮಾತು. ಅದರ ಕಿಟ್ಟ ಕಲ್ಲಾಗಿದೆ. ಬಟ್ಟೆಗೆ ಬಗ್ಗುವುದಿಲ್ಲ. ಚಾಕು, ಮೊಳೆಯಿಂದ ಕೆರೆಯಬಾರದು. ಮೇಲಿನದು ಉದುರುತ್ತದೆ, ವಸಡಿನ ಕೆಳಗಿನದು ಅಲ್ಲೇ ಉಳಿಯುತ್ತದೆ, ರೋಗವೂ ಉಳಿಯುತ್ತದೆ. ಡಾಕ್ಟರು ನಾಯಿಗೆ ಅರಿವಳಿಕೆ ಕೊಟ್ಟು, ಯಂತ್ರದಿಂದ ವಸಡಿನ ಒಳಗೂ ಸ್ವಚ್ಛ ಮಾಡುತ್ತಾರೆ. ಕೆಟ್ಟ ಹಲ್ಲು ಕೀಳುತ್ತಾರೆ. ಈ ಯಂತ್ರ ಎಲ್ಲ ಸರಕಾರಿ ಪಶು ದವಾಖಾನೆಗಳಲ್ಲಿ ಇರುವುದಿಲ್ಲ. ಮೊದಲು ಹತ್ತಿರದ ಡಾಕ್ಟರಿಗೆ ತೋರಿಸಿ, ಎಲ್ಲಿ ಮಾಡುತ್ತಾರೆ, ಎಷ್ಟು ಖರ್ಚು ಎಂದು ಕೇಳಿಕೊಂಡೇ ಕೊಲ್ಲಾಪುರಕ್ಕೋ ಬೆಳಗಾವಿಗೋ ಹೋಗಿ.

“ಹಲ್ಲ ಕಿತ್ತರ ಅದು ಏನ ತಿಂದೀತು?” ಎಂದು ಅತ್ತೆ ಕೇಳಬಹುದು. ತಿನ್ನುತ್ತದೆ. ಕೆಟ್ಟ ಹಲ್ಲು ಹೋದರೆ ನೋವೂ ಹೋಗುತ್ತದೆ. ಗಾಯ ಮಾಯುವ ತನಕ ರೊಟ್ಟಿಯನ್ನು ಉಪ್ಪು ಖಾರ ಇಲ್ಲದ ಬ್ಯಾಳಿ ಕಟ್ಟಿನಲ್ಲಿ ನೆನೆಸಿ, ಕಿವುಚಿ, ಆರಿಸಿ ಕೊಡಿ.