ಒಡೆಯದೆ ಒಳಗನ್ನರಿಯುವ ವಿದ್ಯೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳು ಕಲ್ಪವೃಕ್ಷದ ಸೀಮೆಯೆಂದು ನಾಡಿನಲ್ಲೆಲ್ಲ ಹೆಸರಾಗಿವೆ. ಇಲ್ಲಿಯ ಬೇಸಾಯಗಾರನು ಉಂಡೆಕೊಬ್ಬರಿಗೆಂದು ಇಳಿಸಿದ ಬಲಿತ ಕಾಯಿಯನ್ನು ಒಡನೆಯೇ ಒಡೆಯುವುದಿಲ್ಲ. ಅದನ್ನು ಅಟ್ಟದ ಮೇಲೆ ಹರಡಿ, ಎಂಟು ತಿಂಗಳಿಂದ ಒಂದು ವರ್ಷದವರೆಗೆ ತಾಳ್ಮೆಯಿಂದ ಕಾಯುತ್ತಾನೆ. ಒಳಗಿನ ನೀರು ಆರಿ, ತಿರುಳು ಕರಟವನ್ನು ಬಿಟ್ಟು ಉಂಡೆಯಾಯಿತೋ ಇಲ್ಲವೋ ಎಂಬುದನ್ನು ಕಾಯಿಯನ್ನು ಅಲುಗಿಸಿ, ಅದರ ಸದ್ದಿನಿಂದಲೇ ತಿಳಿದುಕೊಳ್ಳುತ್ತಾನೆ. ಒಡೆಯದೆ ಒಳಗನ್ನರಿಯುವ ಈ ವಿದ್ಯೆ ಅವನಿಗೆ ತಂದೆತಾತಂದಿರಿಂದ ಬಂದುದು.

ಅದೇ ಬೇಸಾಯಗಾರನು ನೀರನ್ನರಸಿ ನೆಲಕ್ಕೆ ಕೈಹಾಕುವಾಗ ಮಾತ್ರ ಇಂಥ ವಿದ್ಯೆಯ ಬೆಂಬಲ ಅವನಿಗೆ ದೊರೆಯದಾಗಿದೆ. ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟುಕೊಂಡು ತೋಟದಲ್ಲಿ ನಡೆದು, ಕಾಯಿ ಎದ್ದು ನಿಂತ ಕಡೆ ನೀರುಂಟೆಂದು ಹೇಳುವವರ ಮಾತನ್ನು ನಂಬಿ, ಸಾಲ ತಂದು ಕೊಳವೆಬಾವಿಯನ್ನು ಕೊರೆಯಿಸುತ್ತಾನೆ. ನೀರು ಬಂದರೆ ತೋಟ ಉಳಿಯಿತು. ಬಾರದಿದ್ದರೆ ಕಲ್ಲಿನ ಹುಡಿ ಮೇಲೆ ಬಂದು ಸಾಲ ಮಾತ್ರ ಉಳಿಯಿತು. ನಾವು ಯಾರ ನಂಬಿಕೆಯನ್ನೂ ಹಳಿಯಹೊರಟವರಲ್ಲ. ಆದರೆ ನೆಲದ ಒಳಗನ್ನೂ ಮೋಡದ ನಡೆಯನ್ನೂ ಅರಿಯುವ ಶಾಸ್ತ್ರವು ನಮ್ಮ ನಾಡಿನಲ್ಲಿಯೇ, ತಿಪಟೂರಿನಿಂದ ಅರ್ಧ ದಿನದ ಪಯಣದೊಳಗೇ ಬೆಳೆದಿರುವಾಗ, ಅದು ಈ ರೈತನ ಅಂಗಳವನ್ನು ಏಕೆ ಮುಟ್ಟಲಿಲ್ಲವೆಂಬುದನ್ನು ವಿದ್ಯಾವಂತರೂ ಅಧಿಕಾರಿವರ್ಗದವರೂ ವಿಚಾರ ಮಾಡಬೇಕಾಗಿದೆ.

ಮೊದಲು ನೆಲದ ವಿಷಯ. ಗದಗಿನಿಂದ ಚಿತ್ರದುರ್ಗವನ್ನು ಹಾಯ್ದು ಶ್ರೀರಂಗಪಟ್ಟಣದ ದಿಕ್ಕಿಗೆ ನಾನೂರು ಕಿಲೋಮೀಟರಿಗೂ ಉದ್ದವಾಗಿ ಚಾಚಿರುವ ಪದರುಶಿಲೆಯ ಪಟ್ಟಿಯೊಂದುಂಟು. ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಈ ಪಟ್ಟಿಗೆ ಸೇರಿದವು. ಅಲ್ಲಿಯ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರುಗಳು ಈ ಶಿಲೆಯ ಸಂಪತ್ತು. ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿಯ ಕಡೆಗೆ ಇದರದೇ ಒಂದು ಕವಲು ಹರಿದಿದೆ. ಇದರ ಇಕ್ಕೆಲಗಳಲ್ಲಿಯೂ ಹಬ್ಬಿರುವುದು ನೈಸ್ ಎಂಬ ಗಡಸು ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ಕಂಡವರೆಲ್ಲರೂ ಈ ಜಾತಿಯ ಶಿಲೆಯನ್ನು ಕಂಡವರೇ ಆಗಿದ್ದಾರೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಪದರುಶಿಲೆಯ ಪಟ್ಟಿಯ ಪೂರ್ವದ ಅಂಚಿನಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ, ಭೂಮಿಯ ಎರಡು ಮಹಾಖಂಡಗಳು ಒಂದನ್ನೊಂದು ಉಜ್ಜಿಕೊಂಡು ಸರಿದುವು. ಪಂಡಿತರು ಇದನ್ನೇ ಧಾರವಾಡ ಶಿಲಾಪ್ರಾಂತದ ಪಶ್ಚಿಮ ಮತ್ತು ಪೂರ್ವ ಭಾಗಗಳ ಗಡಿಯೆಂದು ಬಹುಮಟ್ಟಿಗೆ ಒಪ್ಪಿದ್ದಾರೆ.

ಈ ಪುರಾತನ ಘರ್ಷಣೆಗೂ ಇಂದಿನ ತೆಂಗಿನ ತೋಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಬಹಳವಿದೆ. ಗಡಸುಶಿಲೆಯು ಮರಳಿನಂತೆ ನೀರನ್ನು ಹೀರಿ ಇಟ್ಟುಕೊಳ್ಳಲಾರದು. ಮೇಲ್ಭಾಗದ ಶಿಥಿಲವಾದ ಪದರಿನಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ನೀರಿಗೆ ಆಶ್ರಯವೆಂದರೆ ಶಿಲೆಯ ಸೀಳುಗಳೂ ಸ್ತರಭಂಗಗಳೂ ಮಾತ್ರ. ಆಳಕ್ಕೆ ಇಳಿದಂತೆಲ್ಲ ಮೇಲಿನ ಭಾರದಿಂದ ಸೀಳುಗಳು ಬಿಗಿದುಕೊಳ್ಳುತ್ತವೆ, ವಿರಳವಾಗುತ್ತವೆ. ಆದಕಾರಣ ಇನ್ನೂರು ಅಡಿಯಲ್ಲಿ ಸಿಕ್ಕದ ನೀರು ಸಾವಿರ ಅಡಿಯಲ್ಲಿ ಸಿಕ್ಕೇ ಸಿಕ್ಕುವುದೆಂಬ ಭರವಸೆಗೆ ಶಾಸ್ತ್ರದ ಆಧಾರವಿಲ್ಲ. ಎಲ್ಲಿ ಸೀಳು ಹಾಯ್ದಿದೆಯೆಂಬುದನ್ನು ಮೇಲಿನಿಂದಲೇ ಊಹಿಸಲು ಮಾರ್ಗಗಳುಂಟು. ಉಪಗ್ರಹದ ಚಿತ್ರಗಳಲ್ಲಿ ನೇರ ರೇಖೆಗಳಾಗಿ ತೋರುವ ಹಳ್ಳಕೊಳ್ಳಗಳನ್ನು ಗುರುತಿಸುವುದು ಒಂದು; ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ, ಅದಕ್ಕೆ ಶಿಲೆ ಒಡ್ಡುವ ತಡೆಯನ್ನು ಅಳೆಯುವುದು ಮತ್ತೊಂದು. ಇದು ಕಾಯಿಯನ್ನು ಅಲುಗಿಸಿ ನೋಡುವ ಕೆಲಸವೇ. ಇದರಿಂದ ದೊರೆಯುವುದು ಖಂಡಿತವಾದ ವಚನವಲ್ಲ, ಸಂಭವದ ಲೆಕ್ಕ. ಆದರೂ ಕುರುಡು ಕೊರೆತಕ್ಕಿಂತ ಇದು ಎಷ್ಟೋ ಮೇಲು.

ಈ ಶಾಸ್ತ್ರ ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನದ ಇಲಾಖೆಯು 1894ರಲ್ಲಿಯೇ ಸ್ಥಾಪಿತವಾಯಿತು. ಆ ಪರಂಪರೆಯಲ್ಲಿ ಬೆಳೆದ ಶ್ರೀ ಬಿ. ಪಿ. ರಾಧಾಕೃಷ್ಣರು 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಗೆ ಮುಂದಾಳಾದರು. ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿಯೂ ಬರೆದರು. ಅಂಥವರ ಸಂಖ್ಯೆ ಹೆಚ್ಚಬೇಕಾಗಿತ್ತು.

ಸ್ತರಭಂಗಗಳ ಮಾತು ಬಂದಾಗ ಭೂಕಂಪದ ಮಾತನ್ನೂ ಆಡದೆ ವಿಧಿಯಿಲ್ಲ. ದಖ್ಖಣದ ನೆಲ ಗಟ್ಟಿ, ಅದು ನಡುಗದು ಎಂಬ ಭಾವನೆ ಬಹುಕಾಲ ರೂಢಿಯಲ್ಲಿತ್ತು. 1967ರ ಡಿಸೆಂಬರಿನಲ್ಲಿ ಕೊಯ್ನಾ ಜಲಾಶಯದ ಬಳಿ ನೆಲ ನಡುಗಿತು. ಜಲಾಶಯದ ಭಾರವೂ ಸೀಳುಗಳೊಳಗಿನ ನೀರಿನ ಒತ್ತಡವೂ ಭೂಕಂಪವನ್ನು ಪ್ರೇರಿಸಬಲ್ಲವೆಂಬುದಕ್ಕೆ ಅದು ಜಗತ್ಪ್ರಸಿದ್ಧ ನಿದರ್ಶನವಾಯಿತು. 1993ರ ಸೆಪ್ಟೆಂಬರ್ 30ರಂದು ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ಸಾವಿರಾರು ಜನರು ಮಣ್ಣುಕಲ್ಲಿನ ಗೋಡೆಗಳ ಕೆಳಗೆ ಪ್ರಾಣವನ್ನು ನೀಗಿದರು. ಕಲ್ಪವೃಕ್ಷದ ಸೀಮೆಯ ಹಳೆಯ ಸ್ತರಭಂಗಗಳು ಹಿಮಾಲಯದವುಗಳಂತೆ ಚಲಿಸುತ್ತಿರುವವಲ್ಲ. ಇಲ್ಲಿ ಭೀತಿಗೆ ಕಾರಣವಿಲ್ಲ. ಆದರೆ ಭೀತಿ ಇಲ್ಲವೆಂಬುದಕ್ಕೂ ಗಮನ ಬೇಡವೆಂಬುದಕ್ಕೂ ಅಂತರವುಂಟು. ಗೌರಿಬಿದನೂರಿನಲ್ಲಿ 1960ರ ದಶಕದಿಂದ ಕೆಲಸಮಾಡುತ್ತಿರುವ ಭೂಕಂಪಮಾಪಕಗಳ ಸಾಲು ಭೂಮಿಯ ಇನ್ನೊಂದು ಮಗ್ಗುಲಿನ ಕಂಪನವನ್ನೂ ಆಲಿಸಬಲ್ಲುದು. ಭೂಗರ್ಭವನ್ನು ಯಾರೂ ಸೀಳಿ ನೋಡಿಲ್ಲ; ಅದರ ಪದರುಗಳೆಲ್ಲ ನಮಗೆ ತಿಳಿದುದು ಇಂಥ ಕಂಪನಗಳಿಂದಲೇ.

ಇನ್ನು ಮಳೆ. ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಮೈಸೂರು ಸೀಮೆ ಇನ್ನೂ ಮರೆತಿಲ್ಲ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಪೆಸಿಫಿಕ್ ಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗಿತ್ತೆಂದೂ, ಇಂದು ಎಲ್ ನಿನೋ ಎಂದು ಕರೆಯುವ ಆ ವಿಕೃತಿಗೂ ಮುಂಗಾರಿನ ಸೋಲಿಗೂ ನಂಟುಂಟೆಂದೂ ಬಹುಕಾಲದ ಮೇಲೆ ತಿಳಿಯಿತು. ಆದರೆ ಆ ನಂಟು ಒಂದೇ ಎಲ್ಲವನ್ನೂ ಹೇಳಲಾರದು. 1997ರಲ್ಲಿ ಎಲ್ ನಿನೋ ಬಹಳ ಪ್ರಬಲವಾಗಿದ್ದರೂ ದೇಶದ ಮಳೆ ಸರಾಸರಿಗೆ ಕಡಮೆಯಾಗಲಿಲ್ಲ. 2002ರಲ್ಲಿ ಅದು ಅಷ್ಟು ಪ್ರಬಲವಲ್ಲದಿದ್ದರೂ ಮಳೆ ಶೇಕಡ 19ರಷ್ಟು ಕುಸಿಯಿತು.

ಈ ಒಗಟಿಗೆ ಉತ್ತರವನ್ನು ಅರಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಶ್ರೀಮತಿ ಸುಲೋಚನಾ ಗಾಡ್ಗೀಳರು ಅಗ್ರಗಣ್ಯರು. ಹಿಂದೂ ಮಹಾಸಾಗರದ ಸಮಭಾಜಕ ಪ್ರದೇಶದಲ್ಲಿ ಪಶ್ಚಿಮದ ಕಡೆ ಮೋಡಗಳು ದಟ್ಟವಾಗಿ ಪೂರ್ವದ ಕಡೆ ವಿರಳವಾದರೆ ನಮ್ಮ ಮುಂಗಾರಿಗೆ ಅನುಕೂಲವೆಂದೂ, ಇದಕ್ಕೆ ವಿರುದ್ಧವಾದರೆ ಪ್ರತಿಕೂಲವೆಂದೂ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು. ಪೆಸಿಫಿಕ್ಕಿನ ದೂರದ ಕೈವಾಡದ ಜೊತೆಗೆ ನೆರೆಯ ಸಾಗರದ ಕೈವಾಡವನ್ನೂ ಕೂಡಿಸಿ ನೋಡಿದಾಗ 1997 ಮತ್ತು 2002ರ ನಡತೆ ಅರ್ಥವಾಗತೊಡಗಿತು. 2025ರಲ್ಲಿ ನಿಧನರಾದ ಈ ವಿದುಷಿಯ ಇನ್ನೊಂದು ಕಾರ್ಯವು ನಮ್ಮ ತುಮಕೂರು ಜಿಲ್ಲೆಗೇ ಸಂಬಂಧಿಸಿದುದು. ಪಾವಗಡದ ಕಡೆಯ ಮಳೆಯಾಶ್ರಿತ ಕಡಲೆಕಾಯಿಯ ರೈತರೊಡನೆ ಕುಳಿತು, ದಶಕಗಳ ಮಳೆಯ ದಾಖಲೆಯನ್ನು ಮುಂದಿಟ್ಟುಕೊಂಡು, ಯಾವಾಗ ಬಿತ್ತಿದರೆ ಬೆಳೆ ಕೈಕೊಡುವ ಸಂಭವವೆಷ್ಟು ಎಂಬುದನ್ನು ಅವರ ತಂಡ ಲೆಕ್ಕಹಾಕಿತು. ರೈತರ ಅನುಭವವನ್ನು ಅವಜ್ಞೆ ಮಾಡದೆ, ಅವರ ಪ್ರಶ್ನೆಯನ್ನೇ ತಮ್ಮ ಪ್ರಶ್ನೆಯನ್ನಾಗಿ ಮಾಡಿಕೊಂಡುದು ಅದರ ಹೆಗ್ಗಳಿಕೆ.

ತೆಂಗಿನವನಿಗೆ ಬಿತ್ತನೆಯ ದಿನವನ್ನು ಆರಿಸಿಕೊಳ್ಳುವ ಸೌಲಭ್ಯವಿಲ್ಲ. ಮರದ ಸುಳಿಯೊಳಗೆ ಹೊಂಬಾಳೆಯ ಅಂಕುರ ಮೂಡಿದಂದಿನಿಂದ ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ. ಆದುದರಿಂದ ಒಂದು ಬರಗಾಲದ ಏಟು ಮುಂದಿನ ಮೂರು ನಾಲ್ಕು ವರ್ಷಗಳ ಫಸಲಿನ ಮೇಲೂ ಬೀಳುತ್ತದೆ. ಅಟ್ಟದ ಮೇಲಿನ ಕಾಲವನ್ನೂ ಕೂಡಿಸಿದರೆ, ತಿಪಟೂರಿನ ಮಾರುಕಟ್ಟೆಗೆ ಈ ದಿನ ಬಂದ ಉಂಡೆಕೊಬ್ಬರಿಯಲ್ಲಿ ಹೆಚ್ಚುಕಡಮೆ ಐದು ವರ್ಷಗಳ ಮಳೆಬಿಸಿಲಿನ ಲೆಕ್ಕ ಅಡಗಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಇತರ ಬೆಳೆಗಳಲ್ಲಿ ಅಂಥ ವರ್ಷದ ನಷ್ಟ ಆ ವರ್ಷಕ್ಕೇ ಮುಗಿಯಬಹುದು, ತೆಂಗಿನಲ್ಲಿ ಮುಗಿಯದು. ಬರಪರಿಹಾರದ ಕಡತವನ್ನು ಒಂದೇ ವರ್ಷಕ್ಕೆ ಮುಚ್ಚುವ ಅಧಿಕಾರಿಗಳು ಈ ಅಂಶವನ್ನು ಮನಗಾಣಬೇಕು.

ಮಳೆಯ ಮತ್ತು ನೆಲದ ಶಾಸ್ತ್ರಗಳ ಉಪಯೋಗ ಎಲ್ಲರಿಗೂ ವೇದ್ಯವಾಗುತ್ತದೆ. ಆದರೆ ಅದೇ ಬೆಂಗಳೂರಿನಲ್ಲಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಹೆಸರಘಟ್ಟದ ಬಳಿಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿಯೂ, ಗುರುತ್ವಾಕರ್ಷಣೆಯ ಕ್ವಾಂಟಂ ಸ್ವರೂಪವನ್ನು ಚಿಂತಿಸುವ ವಿದ್ವಾಂಸರಿದ್ದಾರೆ. ಇದರಿಂದ ಯಾರ ತೋಟಕ್ಕೆ ನೀರು ಹರಿಯಿತು ಎಂದು ಕೇಳುವವರುಂಟು. ಪ್ರಶ್ನೆ ಅನ್ಯಾಯವಾದುದಲ್ಲ, ಉತ್ತರವನ್ನು ಕೊಡಲೇಬೇಕು.

ಐನ್‌ಸ್ಟೈನರು 1915ರಲ್ಲಿ ಸಿದ್ಧಪಡಿಸಿದ ಗುರುತ್ವದ ಸಿದ್ಧಾಂತ ಗ್ರಹನಕ್ಷತ್ರಗಳನ್ನು ಆಳುತ್ತದೆ. ಮುಂದಿನ ಹತ್ತುಹನ್ನೆರಡು ವರ್ಷಗಳಲ್ಲಿ ರೂಪುಗೊಂಡ ಕ್ವಾಂಟಂ ಸಿದ್ಧಾಂತ ಪರಮಾಣುಗಳನ್ನು ಆಳುತ್ತದೆ. ಎರಡೂ ಪರೀಕ್ಷೆಗಳಲ್ಲಿ ಗೆದ್ದುವು. ಆದರೆ ಒಂದಕ್ಕೊಂದು ಹೊಂದಿಕೊಳ್ಳಲಿಲ್ಲ. ಇವೆರಡೂ ಒಟ್ಟಿಗೆ ಬೇಕಾಗುವ ಸೂಕ್ಷ್ಮತೆ ಎಷ್ಟೆಂದರೆ, ಮೀಟರಿನ ಲೆಕ್ಕದಲ್ಲಿ ದಶಾಂಶಬಿಂದುವಿನ ಮುಂದೆ ಮೂವತ್ತನಾಲ್ಕು ಸೊನ್ನೆಗಳನ್ನು ಬರೆದ ಮೇಲೆ ಅಂಕೆಯನ್ನು ಬರೆಯಬೇಕು. ಅಲ್ಲಿಗೆ ಯಾವ ಯಂತ್ರವೂ ಇಳಿಯಲಾರದು. ಇಲ್ಲಿಯೂ ಒಡೆಯದೆಯೇ ಒಳಗನ್ನು ಅರಿಯಬೇಕು. ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಪುತ್ರರಾದ ಸಿ. ವಿ. ವಿಶ್ವೇಶ್ವರರು 1970ರಲ್ಲಿ ಒಂದು ಲೆಕ್ಕವನ್ನು ಮಾಡಿದರು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರವನ್ನು ಕದಲಿಸಿದರೆ, ಬಡಿದ ಗಂಟೆಯ ನಾದದಂತೆ ಕ್ಷೀಣಿಸುವ ಅಲೆಗಳು ಹೊರಡುತ್ತವೆಂದೂ, ಆ ನಾದದಿಂದ ರಂಧ್ರದ ತೂಕವನ್ನು ತಿಳಿಯಬಹುದೆಂದೂ ಅದರಿಂದ ಹೊರಟಿತು. 2015ರಲ್ಲಿ ಅಮೆರಿಕದ ಯಂತ್ರಗಳು ಎರಡು ಕೃಷ್ಣರಂಧ್ರಗಳು ಕೂಡಿಕೊಂಡ ಅಲೆಗಳನ್ನು ಹಿಡಿದಾಗ, ಆ ಕೊನೆಯ ನಾದ ಅದರಲ್ಲಿತ್ತು. 2017ರಲ್ಲಿ ಕಾಲವಾದ ವಿಶ್ವೇಶ್ವರರು ಅದನ್ನು ಕೇಳುವವರೆಗೆ ಬದುಕಿದ್ದುದು ನಾಡಿನ ಭಾಗ್ಯ. ಲಂಡನ್ನಿನಲ್ಲಿ ಅಧ್ಯಾಪಕರಾದ ಸೌಗತೊ ಬೋಸರು 2016ರಲ್ಲಿ ಹೆಸರಘಟ್ಟದ ಕೇಂದ್ರದ ಸಭೆಯಲ್ಲಿ ಮಂಡಿಸಿ, ಮರುವರ್ಷ ಸಂಗಡಿಗರೊಡನೆ ಪ್ರಕಟಿಸಿದ ಸಲಹೆಯೂ ಇಂಥದೇ: ಎರಡು ಅತಿ ಸಣ್ಣ ಕಣಗಳು ಗುರುತ್ವವೊಂದರಿಂದಲೇ ಕ್ವಾಂಟಂ ರೀತಿಯಲ್ಲಿ ಹೆಣೆದುಕೊಂಡರೆ, ಗುರುತ್ವವೂ ಕ್ವಾಂಟಂ ಸ್ವಭಾವದ್ದೇ ಎಂದು ತೀರ್ಮಾನಿಸಬಹುದು. ಆ ಪ್ರಯೋಗ ಇನ್ನೂ ಕೈಗೂಡಿಲ್ಲ.

ಈ ಸಂಶೋಧನೆಯಿಂದ ಇಂದು ತೋಟಕ್ಕೆ ಹನಿ ನೀರೂ ಬಾರದೆಂಬುದು ದಿಟ. ಆದರೆ 1915ರ ಸಿದ್ಧಾಂತದಿಂದಲೂ ಅಂದು ಬರಲಿಲ್ಲ. ಇಂದು ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಭಾಗದಷ್ಟು ಮುಂದೋಡುವುದನ್ನು ಆ ಸಿದ್ಧಾಂತದಿಂದಲೇ ತಿದ್ದಬೇಕು. ತಿದ್ದದಿದ್ದರೆ ಸ್ಥಾನದ ಲೆಕ್ಕವು ದಿನಕ್ಕೆ ಹತ್ತು ಕಿಲೋಮೀಟರಿನಷ್ಟು ತಪ್ಪೀತು. ಆ ಗಡಿಯಾರಗಳಿಂದಲೇ ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿರುವುದನ್ನು ಅಳೆಯುತ್ತಾರೆ. 2002ರಲ್ಲಿ ಹಾರಿಬಿಟ್ಟ ಜೋಡಿ ಉಪಗ್ರಹಗಳು ಭೂಮಿಯ ಸೆಳೆತದ ಏರಿಳಿತವನ್ನು ಅಳೆದು, ವಾಯವ್ಯ ಭಾರತದ ಅಂತರ್ಜಲ ಬತ್ತುತ್ತಿರುವುದನ್ನು ಆಕಾಶದಿಂದಲೇ ತೋರಿಸಿಕೊಟ್ಟುವು. ಒಂದು ತಾಲ್ಲೂಕಿನ ನೀರನ್ನು ತೂಗುವಷ್ಟು ಸೂಕ್ಷ್ಮತೆ ಅವಕ್ಕೆ ಇರಲಿಲ್ಲ. ಪರಮಾಣುಗಳ ಕ್ವಾಂಟಂ ಗುಣದಿಂದ ಗುರುತ್ವವನ್ನಳೆಯುವ ಹೊಸ ಉಪಕರಣಗಳು ಆ ದಾರಿಯಲ್ಲಿ ಮುಂದುವರಿಯುತ್ತಿವೆ. ಮೂಲಶಾಸ್ತ್ರವನ್ನು ನಿರುಪಯುಕ್ತವೆಂದು ಬಡತನದಲ್ಲಿಟ್ಟ ದೇಶವು ಮುಂದೆ ಉಪಕರಣಕ್ಕಾಗಿ ಪರರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಹೀಗೆ ಮೂರು ಶಾಸ್ತ್ರಗಳ ರೀತಿಯೂ ಒಂದೇ. ಕಾಣದುದನ್ನು ಕಂಡ ಲಕ್ಷಣಗಳಿಂದ ಊಹಿಸುವುದು. ಊಹೆ ಎಷ್ಟು ಗಟ್ಟಿಯೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಅಂಗೈಯ ಕಾಯಿಯನ್ನು ನಂಬುವವನಿಗೂ ಶಾಸ್ತ್ರಜ್ಞನಿಗೂ ಇರುವ ಭೇದ ಇದೇ. ಶಾಸ್ತ್ರಜ್ಞನೂ ತಪ್ಪುತ್ತಾನೆ, ಆದರೆ ಎಷ್ಟು ಬಾರಿ ತಪ್ಪಿದೆನೆಂಬ ಲೆಕ್ಕವನ್ನು ಇಡುತ್ತಾನೆ. ಸಾಲ ತೆಗೆಯಹೊರಟ ರೈತನಿಗೆ ಬೇಕಾದುದು ಈ ಲೆಕ್ಕವೇ.

ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ ವಿಜ್ಞಾನ ಮಂದಿರಕ್ಕೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಅದು ಪ್ರಜೆಗಳ ಭೂಮಿ. ಅಲ್ಲಿ ಬೆಳೆದ ವಿದ್ಯೆ ಪ್ರಜೆಗಳ ಭಾಷೆಯಲ್ಲಿ ಹಿಂದಿರುಗಬೇಕಾದುದು ನ್ಯಾಯ. ಈಗಾಗಲೇ ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಕೇಂದ್ರ ಅಂತರ್ಜಲ ಮಂಡಲಿಯು ಜಲಧಾರಕ ಶಿಲೆಗಳ ನಕ್ಷೆಗಳನ್ನು ರಚಿಸಿದೆ. ನಾವು ಕೇಳುವುದು ಅತಿಯಾದುದಲ್ಲ. ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಆ ಊರಿನ ಶಿಲೆಯ ಮತ್ತು ಸೀಳುಗಳ ನಕ್ಷೆ ಕನ್ನಡದಲ್ಲಿ ತೂಗಬೇಕು. ಕೊರೆಸಿದ ಪ್ರತಿಯೊಂದು ಬಾವಿಯ ಆಳ, ನೀರು ಬಂದುದು, ಬಾರದುದು ಅದರ ಪಕ್ಕದಲ್ಲಿ ದಾಖಲಾಗಬೇಕು. ಮಳೆಯ ಮುನ್ಸೂಚನೆಯನ್ನು ಅದರ ಸಂಭವದ ಅಂಕೆಯೊಡನೆ ಓದಿ ಹೇಳಬೇಕು. ಬತ್ತಿದ ಬಾವಿಯ ಲೆಕ್ಕವೂ ಮುಂದೆ ಕೊರೆಸುವವನಿಗೆ ದಾರಿಯಾದೀತು. ಇಂದು ಆ ಲೆಕ್ಕ ಒಬ್ಬೊಬ್ಬ ರೈತನ ಸಾಲದ ಪತ್ರದಲ್ಲಿ ಮಾತ್ರ ಉಳಿಯುತ್ತಿದೆ.