ಸರ್ಕಾರದ ಪರ ವಾದಿಸುವವರು ಯಾರು?

ಪ್ರಶ್ನೆ: ಚಿಂತಾಮಣಿಯಲ್ಲಿ ಗೋಮಾಳದ ಜಮೀನಿನ ಬಗ್ಗೆ ಸರ್ಕಾರದ ಮೇಲೆ ಯಾರಾದರೂ ದಾವೆ ಹೂಡಿದರೆ, ತಹಶೀಲ್ದಾರರೇ ಬಂದು ವಾದಿಸುತ್ತಾರೆಯೇ?

ಉತ್ತರ: ಇಲ್ಲ. ಸಿವಿಲ್ ದಾವೆಗಳಲ್ಲಿ ಆ ಹೊಣೆ ಸರ್ಕಾರಿ ವಕೀಲರದು. ಜಿಲ್ಲಾ ಮಟ್ಟದಲ್ಲಿ ಇದರ ಮುಂದಾಳು ಜಿಲ್ಲಾ ಸರ್ಕಾರಿ ವಕೀಲರು. ಕ್ರಿಮಿನಲ್ ಕಡೆಯಲ್ಲಿ ಸೆಷನ್ಸ್ ಪ್ರಕರಣಗಳನ್ನು ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಆ ಹುದ್ದೆಗೆ ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು.

ಸರ್ಕಾರದ ವಿರುದ್ಧ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ಮುಂದುವರಿಯಬಹುದು. ಗೆಲುವು ಸೋಲು ಬಹುಪಾಲು ತೀರ್ಮಾನವಾಗುವುದು ಕಡತದಲ್ಲೇ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪಹಣಿ, ಮ್ಯುಟೇಷನ್, ಸರ್ವೆ ನಕ್ಷೆ, ದಾವಾಪತ್ರದ ಒಂದೊಂದು ಕಂಡಿಕೆಗೂ ತಾಲ್ಲೂಕು ಕಚೇರಿಯ ಉತ್ತರ ಇವೆಲ್ಲ ವೇಳೆಗೆ ಸರಿಯಾಗಿ ಕೈಸೇರದಿದ್ದರೆ ಎಂಥ ಹಿರಿಯ ವಕೀಲರೂ ಕೈಚೆಲ್ಲಬೇಕಾಗುತ್ತದೆ. ಚಿಂತಾಮಣಿ ಇರುವ ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದುದರಿಂದ, ಗೌರಿಬಿದನೂರು, ಶಿಡ್ಲಘಟ್ಟದ ಹಳೆಯ ದಾಖಲೆಗಳ ಬೆನ್ನುಹತ್ತುವಾಗ ಕೋಲಾರವನ್ನೂ ನೆನಪಿಡಬೇಕು.

ಇನ್ನೊಂದು ಮಾತು. ಖಾಸಗಿ ಜಮೀನಿನಲ್ಲಿ ಪ್ರತಿಕೂಲ ಸ್ವಾಧೀನಕ್ಕೆ, ಅಂದರೆ ಬೇರೆಯವರ ಜಮೀನನ್ನು ದೀರ್ಘಕಾಲ ಬಹಿರಂಗವಾಗಿ ಅನುಭವಿಸಿ ಹಕ್ಕು ಕೇಳುವುದಕ್ಕೆ, 12 ವರ್ಷ ಸಾಕು. ಸರ್ಕಾರಿ ಜಮೀನಿಗೆ 30 ವರ್ಷ ಬೇಕು. ಒತ್ತುವರಿ ಯಾವಾಗ ಶುರುವಾಯಿತೆಂಬ ಸಾಕ್ಷ್ಯಕ್ಕೆ ಸರ್ಕಾರಿ ವಕೀಲರು ಅಷ್ಟು ಒತ್ತು ಕೊಡುವುದು ಈ ಕಾರಣಕ್ಕೇ.