ಬಿಳಿಯ ಬೆಟ್ಟವನ್ನು ಮೊದಲು ಏರಿದವರು ಯಾರು?

ನಮ್ಮ ಕಡೆ ಗುಡ್ಡೆ ಹತ್ತುವುದೆಂದರೆ ಅದಕ್ಕೊಂದು ಕಾರಣವಿರಬೇಕು. ಸೊಪ್ಪು ತರಬೇಕು, ತರಗೆಲೆ ಗುಡಿಸಬೇಕು, ತಪ್ಪಿಸಿಕೊಂಡ ದನವನ್ನು ಹುಡುಕಬೇಕು, ಇಲ್ಲವೇ ಮೇಲೊಂದು ದೇವಸ್ಥಾನವಿರಬೇಕು. ಹಿಮಾಲಯದ ಪಾಠ ನಡೆಯುತ್ತಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಅಷ್ಟು ಕಷ್ಟಪಟ್ಟು ಹತ್ತಿದವರು ಮೇಲಿಂದ ಏನು ತರುತ್ತಾರೆ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾವು ನಗಲಿಲ್ಲ. ಈ ಪ್ರಶ್ನೆ ಬಹಳ ಹಳೆಯದು.

1336ರ ಏಪ್ರಿಲ್ 26ರಂದು ಇಟಲಿಯ ಕವಿ ಪೆತ್ರಾರ್ಕ ತನ್ನ ತಮ್ಮನೊಡನೆ ದಕ್ಷಿಣ ಫ್ರಾನ್ಸಿನ ಮೋಂ ವೆಂತೂ ಎಂಬ ಬೆಟ್ಟವನ್ನೇರಿದನಂತೆ. ಅದರ ಎತ್ತರವನ್ನು ನೋಡುವ ಆಸೆಯ ಹೊರತು ಬೇರೆ ಉದ್ದೇಶವಿರಲಿಲ್ಲವೆಂದು ಅವನೇ ಪತ್ರವೊಂದರಲ್ಲಿ ಬರೆದಿದ್ದಾನೆ. ದಾರಿಯಲ್ಲಿ ಸಿಕ್ಕಿದ ಮುದಿ ಕುರುಬನೊಬ್ಬ, ತಾನು ಐವತ್ತು ವರ್ಷಗಳ ಹಿಂದೆ ಹತ್ತಿ ಮೈಕೈ ಗೀರಿಸಿಕೊಂಡು ಬಟ್ಟೆ ಹರಿದುಕೊಂಡದ್ದೇ ಬಂತು, ನೀವು ಹಿಂದಿರುಗಿ ಎಂದು ಬುದ್ಧಿ ಹೇಳಿದನಂತೆ. ಕವಿ ನಿಜಕ್ಕೂ ಹತ್ತಿದ್ದನೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಸಂಶಯವಿದೆ. ಕುರುಬನ ಮಾತು ಮಾತ್ರ ನಮ್ಮ ಹುಡುಗನ ಮಾತಿನಂತೆಯೇ ಇದೆ.

ಅನಂತರವೂ ಬಹುಕಾಲ ಆಲ್ಪ್ಸ್ ಪರ್ವತವೆಂದರೆ ಜನರಿಗೆ ಭಯ. 1723ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಜೂರಿಕ್‌ನ ಪ್ರಕೃತಿ ವಿಜ್ಞಾನಿ ಶೋಯಿಖ್‌ಸರ್ ಅಲ್ಲಿನ ಘಟಸರ್ಪಗಳ ಚಿತ್ರಗಳನ್ನೂ ಕೊಟ್ಟಿದ್ದಾನೆಂದರೆ ಉಳಿದವರ ಪಾಡೇನು!

ಈ ಭಯವನ್ನು ಮುರಿದ ಕಥೆ ಮೋಂ ಬ್ಲಾಂ ಎಂಬ ಶಿಖರದ್ದು. ನಮ್ಮ ಶಾಲಾ ಭೂಪಟಗಳಲ್ಲಿ ಇದು ಮೌಂಟ್ ಬ್ಲಾಂಕ್. ಹೆಸರಿನ ಅರ್ಥ ಬಿಳಿಯ ಬೆಟ್ಟ; ಎತ್ತರ ಸುಮಾರು 4,800 ಮೀಟರ್. 1760ರಲ್ಲಿ ಜಿನೀವಾದ ಇಪ್ಪತ್ತು ವರ್ಷದ ಶ್ರೀಮಂತ ತರುಣ ಸೊಸ್ಸೂರ್ ಅದರ ಬುಡದ ಶಾಮೊನಿ ಎಂಬ ಹಳ್ಳಿಗೆ ಬಂದು, ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಕಾಲು ಶತಮಾನ ಕಳೆದರೂ ಬಹುಮಾನ ಪಡೆಯುವವರು ಹುಟ್ಟಲಿಲ್ಲ. ಹಿಮದ ಮೇಲೆ ರಾತ್ರಿ ಕಳೆದರೆ ಸಾವು ಖಂಡಿತ ಎಂದು ಜನ ನಂಬಿದ್ದರು.

ಕೊನೆಗೆ 1786ರ ಆಗಸ್ಟ್ 7ರಂದು ಇಬ್ಬರು ಹೊರಟರು. ಒಬ್ಬ ಆ ಹಳ್ಳಿಯ ವೈದ್ಯ ಪಕ್ಕಾರ್, ಇನ್ನೊಬ್ಬ ಬೆಟ್ಟಗಳಲ್ಲಿ ಸ್ಫಟಿಕದ ಕಲ್ಲು ಹುಡುಕಿ ಮಾರಿ ಬದುಕುತ್ತಿದ್ದ ಬಾಲ್ಮಾ. ಹಗ್ಗವಿಲ್ಲ, ಹಿಮ ಕಡಿಯುವ ಕೊಡಲಿಯಿಲ್ಲ. ಕೈಯಲ್ಲಿ ಉದ್ದನೆಯ ಕೋಲು, ವೈದ್ಯರ ಬಳಿ ವಾಯುಭಾರಮಾಪಕ. ಎರಡು ಹಿಮನದಿಗಳ ನಡುವಿನ ಬಂಡೆಗಳಲ್ಲಿ ರಾತ್ರಿ ಕಳೆದು, ಮರುದಿನ ಸಂಜೆ ಆರು ಗಂಟೆ ಮೀರಿದಾಗ ತುದಿಯಲ್ಲಿ ನಿಂತರು. ಕೆಳಗೆ ಹಳ್ಳಿಯಲ್ಲಿ ಗೇರ್ಸ್‌ಡಾರ್ಫ್ ಎಂಬ ಜರ್ಮನ್ ಪ್ರವಾಸಿ ದುರ್ಬೀನಿನಿಂದ ನೋಡುತ್ತ ಎಲ್ಲವನ್ನೂ ಬರೆದಿಟ್ಟುಕೊಂಡ. ಅರ್ಧ ಗಂಟೆ ಮೇಲಿದ್ದು, ಬೆಳುದಿಂಗಳಿನಲ್ಲಿ ಇಳಿದು ಬಂದರು. ಹಿಮದ ಝಳಕ್ಕೆ ವೈದ್ಯರ ಕಣ್ಣು ಕಾಣದಂತಾಗಿತ್ತು.

ಹತ್ತಿದ್ದು ಒಟ್ಟಿಗೆ, ಕೀರ್ತಿ ಬಂದದ್ದು ಒಬ್ಬನಿಗೆ. ಬುರಿ ಎಂಬ ಜಿನೀವಾದ ಬರಹಗಾರ ತಾನೇ ಹಲವು ಸಲ ಪ್ರಯತ್ನಿಸಿ ಸೋತಿದ್ದ. ಹೊಟ್ಟೆಕಿಚ್ಚೋ ಏನೋ, ಅವನು ಪತ್ರವೊಂದನ್ನು ಅಚ್ಚು ಹಾಕಿಸಿ, ಬಾಲ್ಮಾನೇ ವೀರ, ವೈದ್ಯ ಅವನ ಹಿಂದೆ ಹೋದವನಷ್ಟೇ ಎಂದು ಊರೆಲ್ಲ ಹಬ್ಬಿಸಿದ. ಪಕ್ಕಾರ್ ಸುಮ್ಮನಿರಲಿಲ್ಲ, ಬಾಲ್ಮಾ ಸಹಿ ಹಾಕಿದ ಹೇಳಿಕೆಯನ್ನೇ ಲೋಸಾನ್‌ನ ಪತ್ರಿಕೆಯಲ್ಲಿ ಪ್ರಕಟಿಸಿದ. ತಾನೊಂದು ಪುಸ್ತಕ ಬರೆಯುವುದಾಗಿಯೂ ತಿಳಿಸಿದ್ದ. ಅದು ಹೊರಬರಲೇ ಇಲ್ಲ. ಬಹುಮಾನ ಬಾಲ್ಮಾನಿಗೆ ಸಂದಿತು. ವೈದ್ಯ ಮುಂದೆ ಬಾಲ್ಮಾನ ತಂಗಿಯನ್ನೇ ಮದುವೆಯಾದ ಎಂಬುದು ಈ ಜಗಳದ ನಡುವಿನ ತಮಾಷೆಯ ಸಂಗತಿ!

1832ರಲ್ಲಿ, ಪಕ್ಕಾರ್ ತೀರಿಕೊಂಡು ಐದು ವರ್ಷಗಳಾದ ಮೇಲೆ, ಪ್ರಸಿದ್ಧ ಕಾದಂಬರಿಕಾರ ದ್ಯುಮಾ ಶಾಮೊನಿಗೆ ಬಂದ. ಎಪ್ಪತ್ತರ ಮುದುಕ ಬಾಲ್ಮಾ ಅವನಿಗೆ ಹೇಳಿದ ಕಥೆಯಲ್ಲಿ ತಾನು ಮೊದಲು ತುದಿ ಮುಟ್ಟಿ, ಹಿಂದೆ ಬಿದ್ದಿದ್ದ ವೈದ್ಯನನ್ನು ಇಳಿದು ಬಂದು ಎಬ್ಬಿಸಿಕೊಂಡು ಹೋದೆ ಎಂದಿತ್ತು. ಕಾದಂಬರಿಕಾರನ ಲೇಖನಿಯಿಂದ ಹೊರಬಿದ್ದ ಮೇಲೆ ಅದೇ ಚರಿತ್ರೆಯಾಯಿತು. ಬಡವನಾದ ಬಾಲ್ಮಾನ ಮೇಲೆ ನಮಗೆ ಸಿಟ್ಟಿಲ್ಲ. ಸತ್ತವನು ಬಂದು ಉತ್ತರ ಹೇಳುವಂತಿಲ್ಲ ಎಂಬುದೇ ನಮ್ಮ ಬೇಸರ. ಎರಡು ವರ್ಷಗಳ ಬಳಿಕ ಚಿನ್ನ ಹುಡುಕಲು ಹೋದ ಬಾಲ್ಮಾ ಕಮರಿಗೆ ಬಿದ್ದು ಸತ್ತ.

ಇನ್ನು ಬಹುಮಾನ ಕೊಟ್ಟವನ ಸಂಗತಿ. ಸೊಸ್ಸೂರ್ 1787ರ ಆಗಸ್ಟ್ 3ರಂದು ಹದಿನೆಂಟು ಮಂದಿ ಮಾರ್ಗದರ್ಶಿಗಳೊಡನೆ ತಾನೂ ತುದಿಗೇರಿದ. ಅಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ಕುಳಿತು ನೀರು ಕುದಿಸುವುದೇ ಮುಂತಾದ ಪ್ರಯೋಗಗಳನ್ನು ಮಾಡಿದ. ಅಂದರೆ ಆಗಲೂ ಹತ್ತುವುದಕ್ಕೆ ವಿಜ್ಞಾನದ ನೆಪ ಬೇಕಾಗಿತ್ತು. ನೆಪ ಕಳಚಿ ಅದು ಶುದ್ಧ ಹವ್ಯಾಸವಾದದ್ದು ಮುಂದಿನ ಶತಮಾನದಲ್ಲಿ. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತು. ವಕೀಲರು, ಪಾದ್ರಿಗಳು, ಅಧ್ಯಾಪಕರು ಅದರ ಸದಸ್ಯರು. (ರಜೆಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಅವರಿಗಿರಲಿಲ್ಲವೆಂದು ಕಾಣುತ್ತದೆ.) ಮುಂದೆ ನಡೆದು ಹಿಮದಲ್ಲಿ ಮೆಟ್ಟಿಲು ಕಡಿಯುತ್ತಿದ್ದವರು, ಗಂಟುಮೂಟೆ ಹೊರುತ್ತಿದ್ದವರು ಮಾತ್ರ ಹಳ್ಳಿಯ ಕೂಲಿಯವರೇ.

ಅವರ ಪಾಲಿಗೆ ಅದು ಆಟವಾಗಿರಲಿಲ್ಲ. 1820ರಲ್ಲಿ ಹಾಮೆಲ್ ಎಂಬ ವಿಜ್ಞಾನಿಯ ತಂಡ ಮೋಂ ಬ್ಲಾಂ ಏರುವಾಗ ಹೊಸ ಹಿಮ ಬಿದ್ದಿತ್ತು. ಮಾರ್ಗದರ್ಶಿಗಳಿಗೆ ಮುಂದುವರಿಯಲು ಮನಸ್ಸಿರಲಿಲ್ಲ, ದಣಿಗಳು ಕೇಳಲಿಲ್ಲ. ಹಿಮ ಜಾರಿ ಮೂವರು ಮಾರ್ಗದರ್ಶಿಗಳು ಬಿರುಕಿನಲ್ಲಿ ಹೂತುಹೋದರು. ಮರುವರ್ಷವೇ ಶಾಮೊನಿಯ ಮಾರ್ಗದರ್ಶಿಗಳು ತಮ್ಮದೇ ಒಂದು ಸಂಘ ಕಟ್ಟಿಕೊಂಡರು. 1861ರಲ್ಲಿ, ಎಂದರೆ ನಲವತ್ತೊಂದು ವರ್ಷಗಳ ಅನಂತರ, ನಿಧಾನವಾಗಿ ಹರಿಯುವ ಹಿಮನದಿ ಅವರ ದೇಹದ ತುಂಡುಗಳನ್ನು ಕೆಳಗೆ ತಂದು ಹಾಕಿತು. ಅಂದು ಬದುಕಿ ಉಳಿದಿದ್ದ ಸಂಗಡಿಗನೊಬ್ಬ ಮುದುಕನಾಗಿ ಬಂದು ಗುರುತು ಹಿಡಿದ.

1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರದಿಂದ ಇಳಿಯುವಾಗ ಹಗ್ಗ ತುಂಡಾಗಿ ನಾಲ್ವರು ಸತ್ತ ಘಟನೆ ಇದಕ್ಕಿಂತಲೂ ಪ್ರಸಿದ್ಧ. ಆ ಹಗ್ಗದ ತುಂಡನ್ನು ಜೆರ್ಮಾಟ್ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಶಾಮೊನಿಯವರು 1887ರಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಬಾಲ್ಮಾ ಕೈ ಚಾಚಿ ಶಿಖರವನ್ನು ತೋರಿಸುತ್ತಿದ್ದಾನೆ, ಪಕ್ಕದಲ್ಲಿ ನಿಂತ ಸೊಸ್ಸೂರ್ ನೋಡುತ್ತಿದ್ದಾನೆ. ಅದರಲ್ಲಿ ವೈದ್ಯನಿಗೆ ಜಾಗವಿರಲಿಲ್ಲ. ಜರ್ಮನ್ ಪ್ರವಾಸಿಯ ಟಿಪ್ಪಣಿಗಳು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದ ಮೇಲೆ ಪಕ್ಕಾರ್‌ನ ಮಾತೇ ನಿಜವೆಂದು ತಿಳಿಯಿತು. ಇಬ್ಬರೂ ಸರದಿಯಲ್ಲಿ ಮುಂದಾಗಿದ್ದರು. 1986ರಲ್ಲಿ, ಆರೋಹಣದ ಇನ್ನೂರನೆಯ ವರ್ಷ, ಅದೇ ಊರಿನಲ್ಲಿ ಅವನಿಗೂ ಒಂದು ಪ್ರತಿಮೆ ಆಯಿತು. ಅವನು ಒಬ್ಬನೇ ಕುಳಿತು ಬೆಟ್ಟವನ್ನು ನೋಡುತ್ತಿದ್ದಾನೆ.